ಆಳಸಮುದ್ರದ ದೊಡ್ಡತಾಯಮ್ಮನವರಿಗೆ ಹಾರನಹಳ್ಳಿಯ ದೊಡ್ಡತಾಯಮ್ಮನ ಅಹವಾಲು

ಮಾನ್ಯರೂ, ಸೂರ್ಯನ ಮುಖವನ್ನೇ ಕಾಣದೆ ಸಮುದ್ರದ ತಳದಲ್ಲಿ ಸುಖವಾಗಿರುವವರೂ, ಅಕ್ಕಿಕಾಳಿಗಿಂತ ತುಸುವೇ ದೊಡ್ಡವರೂ, ಸೀಗಡಿಯ ದೂರದ ನೆಂಟರೂ ಆದ ದೊಡ್ಡತಾಯಮ್ಮನವರ ಸನ್ನಿಧಿಗೆ, ಪಿರಿಯಾಪಟ್ಟಣ ತಾಲ್ಲೂಕು ಹಾರನಹಳ್ಳಿಯ ಅಸಲಿ ದೊಡ್ಡತಾಯಮ್ಮ, ನಿವೃತ್ತ ಶಾಲಾ ಶಿಕ್ಷಕಿ, ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ಅಷ್ಟೊಂದು ನೀರಿನ ಭಾರ ಹೊತ್ತಿರುವ ತಾವೂ ಕ್ಷೇಮವೆಂದು ನಂಬಿದ್ದೇನೆ.

ನನ್ನ ಸೊಸೆ ರೂಪಶ್ರೀ ವಿಜ್ಞಾನಿ. ಹಡಗಿನವರು ಸೀಸೆಯಲ್ಲಿ ತಂದುಕೊಟ್ಟ ತಮ್ಮಂಥವರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಾಲುಗಳನ್ನು ಒಂದೊಂದಾಗಿ ಬಿಡಿಸಿ, ಚಿತ್ರ ಬರೆದು, ಹಿಂದೆ ಯಾರೂ ಕಂಡಿಲ್ಲವೆಂದು ಖಾತ್ರಿಯಾದ ಮೇಲೆ ಹೆಸರಿಡುವುದು ಅವಳ ಕೆಲಸ. ತಮಗೆ ಅತ್ತೆಯ ಹೆಸರನ್ನೇ ಇಟ್ಟಳೆಂದು ನಾನು ಉಬ್ಬಿಹೋಗಿ ಬೀದಿಗೆಲ್ಲ ಪಾಯಸ ಹಂಚಿದೆ. ಮರುದಿನ ಪತ್ರಿಕೆಯಲ್ಲಿ ತಮ್ಮ ಗುಣಗಾನ ಬಂತು: ಕಣ್ಣಿಲ್ಲ, ದವಡೆ ಬಲು ಗಟ್ಟಿ, ಮೇಲಿನಿಂದ ಬಿದ್ದ ಹೆಣವೇ ಆಹಾರ. ಟೀ ಅಂಗಡಿಯ ಮಂಟಯ್ಯ ಅದನ್ನು ಗಟ್ಟಿಯಾಗಿ ಓದಿ, “ನಮ್ಮ ದೊಡ್ತಾಯಕ್ಕ ಸಮುದ್ರದ ತಳ್ದಲ್ಲಿ ಎಣ ತಿಂತವ್ರಂತೆ, ಕೇಳ್ರಲಾ!” ಎಂದು ಬಸ್ಸಿಗೆ ಕಾದವರಿಗೆಲ್ಲ ಸಾರಿಬಿಟ್ಟ. ಮೊಟ್ಟೆಯನ್ನೂ ಹೊಸಿಲು ದಾಟಿಸದ ಲಿಂಗಾಯತರ ಮನೆ ನಮ್ಮದು, ತಾಯಿ! ಆದಕಾರಣ ತಾವು ದಯಮಾಡಿ ಸೊಪ್ಪುಸದೆಗೆ ಹೊಂದಿಕೊಳ್ಳಬೇಕು, ಸೋಮವಾರ ಒಪ್ಪತ್ತು ಇರಬೇಕು, ಸಾಧ್ಯವಾದರೆ ಒಂದು ಜೊತೆ ಕಣ್ಣನ್ನೂ ಬೆಳೆಸಿಕೊಳ್ಳಬೇಕು.

ಅದೂ ಹೋಗಲಿ. ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಬರುವ ಸೋಮವಾರ ಸೊಸೆಯ ಕೂಸಿಗೆ, ನನ್ನ ಮೊದಲ ಮೊಮ್ಮಗಳಿಗೆ, ಹೆಸರಿಡುವ ತೊಟ್ಟಿಲು ಶಾಸ್ತ್ರ. ನಮ್ಮ ಮನೆಯಲ್ಲಿ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರು. ನನಗೂ ಹಾಗೆಯೇ ಬಂದದ್ದು, ನನ್ನ ಅಜ್ಜಿಯಿಂದ ಉಳಿದಿರುವುದೂ ಅದೊಂದೇ. ಸೊಸೆಯೋ, “ಆ ಹೆಸ್ರು ಆಗ್ಲೇ ಕೊಟ್ಟಾಯ್ತಲ್ಲ ಅತ್ತೆ, ಒಂದ್ ಹೆಸ್ರು ಒಬ್ರಿಗೇ, ಅದು ನಮ್ ರೂಲ್ಸು” ಅನ್ನುವುದೇ? ಪ್ರಯೋಗಾಲಯದ ಕಾನೂನನ್ನು ತಂದು ತೊಟ್ಟಿಲಿಗೆ ಕಟ್ಟಿದಳಲ್ಲ! ಕೂಸನ್ನು ಎತ್ತಿಕೊಂಡಾಗಲೆಲ್ಲ ನನಗೆ ಅಳು ಬರುತ್ತದೆ. ತಾವು ಆ ಹೆಸರಿಗೆ ರಾಜೀನಾಮೆ ಕೊಟ್ಟು ಕೃಪೆ ತೋರಬೇಕೆಂದು ಬೇಡುವುದಕ್ಕೇ ಬರೆಯಲು ಕೂತೆ.

ಇಷ್ಟು ಬರೆಯುವಷ್ಟರಲ್ಲಿ ಏನೋ ಅನುಮಾನ ಬಂದು, ಅವಳನ್ನು ಕರೆದು ಆ ರೂಲ್ಸನ್ನು ಪೂರ್ತಿ ಹೇಳಿಸಿದೆ. ಒಂದೇ ಕುಲದ ಜೀವಿಗಳೊಳಗೆ ಮಾತ್ರ ಇಬ್ಬರಿಗೆ ಒಂದೇ ಹೆಸರು ಕೂಡದಂತೆ. ಕುಲ ಬೇರೆಯಾದರೆ ಅಡ್ಡಿಯಿಲ್ಲವಂತೆ. ನನ್ನ ಮೊಮ್ಮಗಳು ಯಾವ ಕುಲದ ಸೀಗಡಿ ಎಂದು ವಿನಯದಿಂದಲೇ ವಿಚಾರಿಸಿದೆ. “ಸೋತೆ ಕಣತ್ತೆ, ಸೋಮವಾರ ಮಗೀನ ಕಿವೀಲಿ ನೀವೇ ಕೂಗ್ಬುಡಿ” ಎಂದು ನಗಾಡಿದಳು. ಆದ್ದರಿಂದ ತಾವು ಹುದ್ದೆಯಲ್ಲಿ ಮುಂದುವರಿಯಬಹುದು.

ತಮ್ಮ ವಿಶ್ವಾಸಿ,
ದೊಡ್ಡತಾಯಮ್ಮ
ಹಾರನಹಳ್ಳಿ

ಮರೆತ ಮಾತು: ಸೊಸೆಯ ತಾಯಿ, ಸರಗೂರಿನ ನಮ್ಮ ಬೀಗಿತ್ತಿ ಸುನಂದಮ್ಮನವರು, ಕೂಸಿಗೆ ಸುನಂದಮ್ಮ ಎಂದೇ ಹೆಸರಾಗಬೇಕೆಂದು ಹಟ ಹಿಡಿದಿದ್ದಾರೆ. ಸಮುದ್ರದ ತಳದಲ್ಲಿ ತಮ್ಮ ಪಕ್ಕದಲ್ಲೇ ಸಿಕ್ಕ, ತಮಗಿಂತಲೂ ದೊಡ್ಡ ಬಾಯಿಯ ಇನ್ನೊಬ್ಬರಿಗೆ ಇನ್ನೂ ಹೆಸರಿಟ್ಟಿಲ್ಲವಂತೆ. ಆ ಜಾಗಕ್ಕೆ ಬೀಗಿತ್ತಿಯವರ ಹೆಸರನ್ನು ನಾನೇ ಶಿಫಾರಸು ಮಾಡಿದ್ದೇನೆ.