ದೊಡ್ಡಮ್ಮನ ಅಜಾಯಬ್‌ಘರ್ ಯಾತ್ರೆ

ಕೈಯಲ್ಲಿ ರೊಕ್ಕ ಕಡಿಮೆ ಇದ್ದಾಗಲೇ ನನಗೆ ನಗುವ ಪ್ರಸಂಗಗಳು ಹೆಚ್ಚು ಗಂಟು ಬಿದ್ದಿವೆ. ಯಾಕೋ ಗೊತ್ತಿಲ್ಲ. ನಿಜಾಮರ ಕಾಲದಲ್ಲಿ ನಾನು ಯಲಬುರ್ಗಿಯಲ್ಲಿ ಸಾಲಿ ಮಾಸ್ತರನಾಗಿದ್ದಾಗ ಹೈದರಾಬಾದಿಗೆ ಹೋಗಿ ಬಂದದ್ದೇ ಸಾಕ್ಷಿ.

ನಮ್ಮ ದೊಡ್ಡಮ್ಮನ ಕಣ್ಣಿಗೆ ಪೊರೆ ಬರುತ್ತಿತ್ತು. ಅಂಥದರಲ್ಲಿ ಪಕ್ಕದ ಮನೆಯ ದರ್ಜಿ ಸಾಹೇಬರು ಹೈದರಾಬಾದಿನ ಅಜಾಯಬ್‌ಘರಿನ ಸುದ್ದಿ ಹೇಳಿದರು. ಹಳೆಯ ರಾಜರ ಕತ್ತಿ, ಚಿತ್ರ, ಮೂರ್ತಿಗಳನ್ನೆಲ್ಲ ಅಲ್ಲಿ ಪುಕ್ಕಟೆ ನೋಡಬಹುದಂತೆ. ದೊಡ್ಡಮ್ಮ ಹಟ ಹಿಡಿದಳು. "ಪೂರ್ತಿ ಕತ್ತಲಾಗೂದರೊಳಗ ಅದನ್ನೊಂದು ತೋರಿಸಿಬಿಡಪಾ. ಆಮ್ಯಾಲ ಕಣ್ಣು ಮುಚ್ಚಿಕೊಂಡು ಅದನ್ನ ನೋಡಕೋತ ಕುಂದರ್ತೀನಿ." ಹೀಗೆ ಅಂದಮೇಲೆ ಇಲ್ಲ ಅನ್ನುವುದು ಹೇಗೆ? ದರ್ಜಿ ಸಾಹೇಬರ ತಂಗಿಯ ಮನೆ ಅಲ್ಲೇ ಇತ್ತು, ಇಳಿದುಕೊಳ್ಳುವ ಖರ್ಚು ಉಳಿಯಿತು. ಮೂವರೂ ಹೊರಟೆವು.

ರೊಟ್ಟಿ ಗಂಟು

ಖಾನಾವಳಿ ಖರ್ಚು ಬೇಡವೆಂದು ದೊಡ್ಡಮ್ಮ ಹೋಗಿ ಬರುವಷ್ಟೂ ದಿನಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ಕೊಪ್ಪಳದಲ್ಲಿ ರೈಲು ಹತ್ತಿ ಸ್ವಲ್ಪ ಹೊತ್ತಿಗೆ ಟಿಕೀಟು ನೋಡುವವನು ಬಂದ. ಗಂಟಿನ ಗಾತ್ರ ನೋಡಿ, "ಇದಕ್ಕ ಲಗೇಜ್ ಹಾಕಬೇಕಾಗ್ತೈತಿ" ಅಂದ.

"ಹಾಕ್ರಿ ಸಾಹೇಬ್ರ," ಅಂದರು ದರ್ಜಿ. "ಆದ್ರ ಅದು ರೊಟ್ಟಿ. ಇಳಿಯೂದ್ರಾಗ ಅರ್ಧಾ ನಮ್ಮ ಹೊಟ್ಟ್ಯಾಗ ಇರ್ತೈತಿ. ಹೊಟ್ಟಿಗೆ ಟಿಕೀಟು ಆಗ್ಲೇ ತಗೊಂಡೇವಿ."

ಅವನು ನಕ್ಕ. ದೊಡ್ಡಮ್ಮ ಗಂಟು ಬಿಚ್ಚಿ ಅವನ ಮುಂದೆಯೂ ರೊಟ್ಟಿ ಹಿಡಿದಳು. ಬೇಡ ಬೇಡವೆನ್ನುತ್ತಲೇ ಕುಳಿತವನು ಚಟ್ನಿ ಎರಡನೇ ಸಲ ಹಾಕಿಸಿಕೊಂಡ. ಕೈ ಒರೆಸಿಕೊಂಡು ಎದ್ದಾಗ ದೊಡ್ಡಮ್ಮ ಕೇಳಿದಳು:

"ಗಂಟು ಹಗುರಾತು ತಮ್ಮಾ. ನೀ ಭಾರಾದಿ. ಈಗ ನಿನಗ ಎಷ್ಟು ಲಗೇಜ್ ಹಾಕೂಣು?"

ಜಟಕಾದವನ ಮಾತು

ಹೈದರಾಬಾದು ಮುಟ್ಟಿದ ಮರುದಿನ ಮುಂಜಾನೆ ಅಜಾಯಬ್‌ಘರಿಗೆ ನಡೆದುಕೊಂಡೇ ಹೊರಟೆವು. ಜಟಕಾದವನೊಬ್ಬ ಬೆನ್ನು ಹತ್ತಿದ. ಅವನು ಒಂದು ಬಾಡಿಗೆ ಹೇಳಿದರೆ ದರ್ಜಿ ಸಾಹೇಬರು ಅರ್ಧಕ್ಕೆ ಕೇಳುವರು. ಅವನು ಅಲ್ಲಾನ ಮೇಲೆ ಆಣೆ ಇಟ್ಟರೆ, ಇವರು ಮಕ್ಕಳ ಮೇಲೆ ಇಡುವರು. ನಾವು ನಡೆಯುತ್ತಲೇ ಇದ್ದೆವು, ಕುದುರೆಯೂ ನಮ್ಮ ಸಮಕ್ಕೆ ನಡೆಯುತ್ತಿತ್ತು. ಕೊನೆಗೆ ಅವನು ಸೋತು, "ಆಯ್ತು, ಹತ್ತಿ ಕೂಡ್ರಿ!" ಎಂದ. ತಲೆ ಎತ್ತಿ ನೋಡಿದರೆ ಅಜಾಯಬ್‌ಘರಿನ ಬಾಗಿಲು!

ಪಾಪ, ಅವನ ಮುಖ ನೋಡಲಾಗಲಿಲ್ಲ. ದರ್ಜಿ ಸಾಹೇಬರು ಅವನ ಕೈಗೊಂದು ಬೀಡಿ ಕೊಟ್ಟು ಸಮಾಧಾನ ಮಾಡಿದರು: "ಬೇಜಾರಾಗಬ್ಯಾಡ ಭಾಯಿ. ನಿನ್ನ ಮಾತಿನ ಮ್ಯಾಲೇ ಕುಂತು ಬಂದೇವಿ. ಕುದರೀಗೂ ದಣಿವಾಗಲಿಲ್ಲ."

ಕಲ್ಲಿನ ಹೆಣ್ಣುಮಗಳು

ಒಳಗೆ ಬಿಳಿ ಕಲ್ಲಿನ ವಿಲಾಯತಿ ಹೆಣ್ಣಿನ ಮೂರ್ತಿ ಇತ್ತು. ಮೈಮೇಲೆ ನೂಲಿನ ಎಳೆಯಿಲ್ಲ. ನಾನು ಮಾಸ್ತರ, ಜೊತೆಗೆ ದೊಡ್ಡಮ್ಮ. ಸುಮ್ಮನೆ ತಲೆ ಎತ್ತಿ ಛತ್ತು ನೋಡುತ್ತ ನಿಂತೆ. ದೊಡ್ಡಮ್ಮ ಮಾತ್ರ ಸಮೀಪ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯ ನಮ್ಮವ್ವಾ, ಯಾಕ ಹಿಂಗ ನಿಂತಾಳ ಈಕಿ?" ಎಂದು ಮರುಗಿದಳು.

ದರ್ಜಿ ಸಾಹೇಬರು ನಿಟ್ಟುಸಿರು ಬಿಟ್ಟರು. "ಈ ಊರಿನ ದರ್ಜಿಗಳು ಹೇಳಿದ ದಿನಕ್ಕ ಬಟ್ಟಿ ಕೊಡೂದಿಲ್ಲರಿ ಅವ್ವಾರ. ಪಾಪ, ಕಾದು ಕಾದು ಕಲ್ಲಾಗ್ಯಾಳ."

ಹೊಲಿಯಲು ಕೊಟ್ಟ ನನ್ನ ಕೋಟು ಹೋದ ಉಗಾದಿಯಿಂದ ಅವರ ಹತ್ತಿರವೇ ಇತ್ತು. ನಾನು ನನ್ನ ಕೈಕಾಲು ಮುಟ್ಟಿ ನೋಡಿಕೊಂಡೆ.

ಕೈ ಹಚ್ಚಬ್ಯಾಡ

ಇನ್ನೊಂದು ಕೋಣೆಯಲ್ಲಿ ಹಳ್ಳಿಯವರ ಆಳೆತ್ತರದ ಗೊಂಬೆಗಳಿದ್ದವು. ಬೀಸುವವಳು, ನೂಲುವವಳು, ಕೂಸು ಆಡಿಸುವವಳು. ನಡೆದು ದಣಿದಿದ್ದ ದೊಡ್ಡಮ್ಮ ಅವುಗಳ ಮಗ್ಗುಲಲ್ಲೇ ಗೋಡೆಗೆ ಆತು ಕುಳಿತು ಕಣ್ಣು ಮುಚ್ಚಿದಳು. ನಾನೂ ದರ್ಜಿ ಸಾಹೇಬರೂ ಕತ್ತಿ ನೋಡುತ್ತ ತುಸು ಆಚೆ ನಿಂತೆವು.

ಅಷ್ಟರಲ್ಲಿ ಊರಿನ ದೊಡ್ಡ ಮನೆತನದವರಂತೆ ಕಂಡ ಹೆಣ್ಣುಮಕ್ಕಳಿಬ್ಬರು ಬಂದರು. ಉಳಿದ ಗೊಂಬೆಗಳನ್ನು ಬಿಟ್ಟು ದೊಡ್ಡಮ್ಮನ ಮುಂದೆಯೇ ನಿಂತರು. "ಏನು ಕೆಲಸಗಾರಿಕೆ! ಮುಖದ ನೆರಿಗೆ ನೋಡು, ಈಗ ಮಾತಾಡ್ತಾಳೇನೋ ಅನ್ನಿಸ್ತದೆ" ಎಂದು ಉರ್ದುವಿನಲ್ಲಿ ಹೊಗಳಿದರು. ಒಬ್ಬಳು ಬಗ್ಗಿ ಇಳಕಲ್ ಸೀರೆಯ ಸೆರಗಿಗೆ ಕೈ ಚಾಚಿದಳು.

ಬಾಗಿಲಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ಎಚ್ಚೆತ್ತು ಗುಡುಗಿದ: "ಹಾತ್ ನಕ್ಕೋ ಲಗಾವ್!"

ದೊಡ್ಡಮ್ಮ ಫಕ್ಕನೆ ಕಣ್ಣು ತೆರೆದಳು. ಹೆಣ್ಣುಮಕ್ಕಳು ಚೀರಿ ಓಡಿದರು. ಕಾವಲುಗಾರನೂ ಹೆದರಿ ಗೋಡೆಗೆ ಅಂಟಿ ನಿಂತ. ನಾನು ಓಡಿ ಬಂದೆ.

"ಅಂವ ಏನಂದ?" ಎಂದು ದೊಡ್ಡಮ್ಮ ಕೇಳಿದಳು.

"ನಿನಗ ಯಾರೂ ಕೈ ಹಚ್ಚಬಾರದು ಅಂದ ದೊಡ್ಡವ್ವಾ."

ತೀರಿಕೊಂಡಿದ್ದ ದೊಡ್ಡಪ್ಪನ ಕೈ ಹೆಂಡತಿಗೆ ಹೊಡೆಯುವುದರಲ್ಲಿ ಎಷ್ಟು ಮುಂದಿತ್ತು ಅನ್ನುವುದು ನಮ್ಮ ಓಣಿಗೆಲ್ಲ ಗೊತ್ತಿತ್ತು. ದೊಡ್ಡಮ್ಮ ಆ ಕಾವಲುಗಾರನನ್ನು ಅಡಿಯಿಂದ ಮುಡಿಯವರೆಗೆ ಬಲು ಪ್ರೀತಿಯಿಂದ ನೋಡಿದಳು.

"ಹೌದೇನು? ಇಂಥಾ ಮನಶ್ಯಾ ನಲವತ್ತು ವರ್ಷ ಎಲ್ಲಿ ಹಾಳಾಗಿ ಹೋಗಿದ್ದ, ಕೇಳು ಅವನ್ನ!"