ಕಲ್ಲುಸಕ್ಕರೆ ಕರಗುವ ತನಕ

ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ತಿಂಗಳು ತಿಂಗಳು ಸ್ಕಾಲರ್‌ಶಿಪ್ ಬರುತ್ತದೆಂದರೆ ನೀವು ನಂಬುತ್ತೀರಾ? ನನ್ನ ತಂಗಿಗೆ ಬರುತ್ತಿತ್ತು. ಅದೂ ಎಂಥ ತಂಗಿ! ಕೊಟ್ಟೂರಿನಲ್ಲಿ ಬಸ್ ಹತ್ತಿ ಕೂಡ್ಲಿಗಿಯಲ್ಲಿ ಇಳಿಯುವುದರೊಳಗೆ ಪಕ್ಕದಲ್ಲಿ ಕೂತವರ ಅಜ್ಜ ಮುತ್ತಜ್ಜರ ಕಥೆ ಕೇಳಿ, ನಮ್ಮವರದನ್ನೂ ಹೇಳಿ ಮುಗಿಸುವವಳು.

ಆ ಕೊನೆಯ ಸೋಮವಾರವೂ ನನ್ನ ಟೇಲರಿಂಗ್ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೆಳಿಗ್ಗೆಯಿಂದ ಮಾತಾಡುತ್ತಲೇ ಇದ್ದಳು. ಜಂಪರು ಹೊಲಿಸಲು ಬಂದ ಹೆಂಗಸೊಬ್ಬರು ಅವಳ ಮಾತು ಕೇಳುತ್ತಾ ನಿಂತು, ಅಳತೆ ಕೊಡುವುದನ್ನೇ ಮರೆತು ಮನೆಗೆ ಹೋದರು. ಮರುದಿನ ನಾವಿಬ್ಬರೂ ಉಜ್ಜಿನಿ ಕಡೆಯ ಒಂದು ಕುರಿಹಟ್ಟಿಗೆ ಹೋಗುವುದಿತ್ತು. ಅಲ್ಲಿನ ಅಜ್ಜಿಯೊಬ್ಬಳಿಗೆ ತಂಗಿ ಒಂದು ವಿಷಯ ಹೇಳಬೇಕಿತ್ತು. ಹೇಗೆ ಹೇಳಬೇಕೆಂಬ ತಾಲೀಮು ನಡೆದಿತ್ತು. ಅಜ್ಜಿಯ ಪಾತ್ರ ನನ್ನದು.

"ಅಣ್ಣ, ಸುಮ್ನ ಕುಂದ್ರಬ್ಯಾಡ. ಅಜ್ಜಿ ಹಂಗ ಬಯ್ಯಿ ನನ್ನ."

"ಬಟ್ಟಿ ಕತ್ತರಸಾಕ ಬಿಡಲೇ," ಅಂದೆ.

"ಅಜ್ಜಿ ಬಟ್ಟಿ ಕತ್ತರಸಂಗಿಲ್ಲ," ಅಂದಳು.

ಹೇಳಬೇಕಾಗಿದ್ದ ಆ ವಿಷಯ ಯಾವುದೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಂಗಿ ಎಂ.ಎ. ಮುಗಿಸಿ, ಕುರಿಗಾರರ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಸಂಶೋಧನೆಯ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದಳು. ನಾನು ಹತ್ತನೆಯ ತರಗತಿ ದಾಟಿದವನಲ್ಲ. ಹಾಡು ಕೇಳುವುದಕ್ಕೂ ಹಣ ಕೊಡುತ್ತಾರೆಂಬುದೇ ನನಗೆ ಹೊಸ ಸುದ್ದಿ. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆಯಂತೆ, ಈ ವಿಷಯವೇ ಏಕೆ ಎಂದು. ಇವಳು ಉತ್ತರ ಶುರುಮಾಡಿದಳು. ನಡುವೆ ಪ್ರೊಫೆಸರರೊಬ್ಬರು ಚಹಾ ತರಿಸಿಕೊಂಡು ಕುಡಿದರು. ಇನ್ನೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ಅಳುವೋ ಆಕಳಿಕೆಯೋ ಇವಳಿಗೆ ತಿಳಿಯಲಿಲ್ಲ. ಅಂತೂ ಆಯ್ಕೆಯಾದಳು. ಕೊಡದಿದ್ದರೆ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ಕೊಟ್ಟಿರಬೇಕು ಎಂದೆ ನಾನು.

ಅವ್ವ ಓಣಿಗೆಲ್ಲ ಪೇಡೆ ಹಂಚಿದಳು. ಎದುರು ಮನೆಯಾಕೆ, ಯಾವುದಕ್ಕೆ ಬಂತು ಎಂದು ಕೇಳಿದಳು. ಕುರಿ ಕಾಯುವವರ ಹಾಡು ಕೇಳುವುದಕ್ಕೆ ಎಂದು ಅವ್ವ ಹೇಳಿದಾಗ, "ನಮ್ಮ ಮಾವ ದಿನಾ ಹಾಡ್ತಾನ. ಕೇಳಿದ್ದಕ್ಕ ನನಗ ಯಾರೂ ಏನೂ ಕೊಟ್ಟಿಲ್ಲ ನೋಡ್ರಿ," ಎಂದು ಪೇಡೆ ಬಾಯಿಗೆ ಹಾಕಿಕೊಂಡಳು.

ಮೊದಲು ಹೋಗಿದ್ದು ಕೋಗಳಿ ಕಡೆಗೆ, ನನ್ನ ಬೈಕಿನಲ್ಲಿ. ಅಲ್ಲಿ ಮುದುಕನೊಬ್ಬ ಒಂದು ಸಾಲು ಹಾಡಿದರೆ ಇವಳದು ಅದರ ಹತ್ತರಷ್ಟು ಮಾತು. ಕೊನೆಗೆ ಅವನೇ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಾ ಕೂತ. ಆ ರೆಕಾರ್ಡಿಂಗ್ ಕೇಳಿದ ಗೈಡ್ ಮೇಡಂ, ಇದರಲ್ಲಿ ಕುರಿಗಾರರ ಹಾಡು ಎಲ್ಲಿದೆ ತಾಯಿ, ಬರೀ ನಿನ್ನ ಭಾಷಣವೇ ಇದೆಯಲ್ಲ ಎಂದರಂತೆ. ಇನ್ನು ಮೇಲೆ ನಿನ್ನ ದನಿ ಒಂದಿಷ್ಟೂ ಬರಬಾರದು, ಬಂದರೆ ಸ್ಕಾಲರ್‌ಶಿಪ್ ಮುಂದುವರಿಸಲು ನಾನು ಬರೆದುಕೊಡುವುದಿಲ್ಲ ಎಂದೂ ಹೇಳಿದರಂತೆ. ತಂಗಿ ನಾಚಿಕೆಯಿಂದ ಅಂದೇ ಅಷ್ಟನ್ನೂ ಅಳಿಸಿಹಾಕಿದಳು.

ಆಮೇಲೆ ಅವಳು ಕಂಡುಕೊಂಡ ಉಪಾಯವೇ ಕಲ್ಲುಸಕ್ಕರೆ. ರೆಕಾರ್ಡರ್ ಒತ್ತುವ ಮೊದಲು ಒಂದು ದೊಡ್ಡ ಹರಳನ್ನು ದವಡೆಗೆ ಒತ್ತರಿಸುವುದು. ಅದು ಕರಗುವ ತನಕ ತುಟಿ ಬಿಚ್ಚುವಂತಿಲ್ಲ. ಏನಿದ್ದರೂ ತಲೆಯಾಡಿಸಬೇಕು, ಹುಬ್ಬು ಏರಿಸಬೇಕು, ಅಷ್ಟೆ. ಹೊಳಲಿನಲ್ಲಿ ಒಬ್ಬಾತ ಇವಳ ಹುಬ್ಬು ನೋಡಿ ತಾನು ತಪ್ಪು ಹಾಡುತ್ತಿದ್ದೇನೆಂದು ತಿಳಿದು, ಇಳಿಹೊತ್ತಿನ ತನಕ ಅದೇ ಹಾಡನ್ನು ತಿದ್ದಿ ತಿದ್ದಿ ಹಾಡಿದ. ವಾಪಸು ಬರುವಾಗ ತಡೆದಿಟ್ಟುಕೊಂಡ ಮಾತೆಲ್ಲ ನನ್ನ ಬೆನ್ನಿನ ಮೇಲೆ ಸುರಿಯುತ್ತಿತ್ತು. ಹೆಲ್ಮೆಟ್ಟು ಕಿವಿಯನ್ನೂ ಕಾಯುತ್ತದೆಂದು ನನಗೆ ಗೊತ್ತಾದದ್ದು ಆಗಲೇ.

ಹೀಗಿರುವಾಗ ಉಜ್ಜಿನಿ ಕಡೆಯ ಆ ಹಟ್ಟಿಗೆ ಮೊದಲ ಸಲ ಹೋದೆವು. ಅಜ್ಜಿ ಉಣ್ಣೆ ನೂಲುತ್ತಾ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತಿದ್ದಳು. ಹಾಡು ಎಲ್ಲಿ ನಿಂತುಹೋಗುತ್ತದೋ ಎಂದು ತಂಗಿ ಅವಸರದಲ್ಲಿ ಸಕ್ಕರೆ ಬಾಯಿಗೆ ಹಾಕಿಕೊಂಡು, ರೆಕಾರ್ಡರ್ ಒತ್ತಿ, ಹೆಸರೂ ಹೇಳದೆ ಕೂತುಬಿಟ್ಟಳು. ಹಾಡು ಮುಗಿಸಿ ಅಜ್ಜಿ, ನೀನು ಯಾರ ಪೈಕಿ ಎಂದು ಕೇಳಿದಳು. ಇವಳು ಉಬ್ಬಿದ ಕೆನ್ನೆಯಲ್ಲಿ ತಲೆಯಾಡಿಸಿದಳು. ಅಜ್ಜಿ ಮರುಕದಿಂದ ನನ್ನ ಕಡೆ ತಿರುಗಿದಳು.

"ಹುಟ್ಟಿದಾಗಿಂದ ಹಿಂಗನಾ ತಮ್ಮಾ?"

"ಇಲ್ಲಬೇ, ಸ್ಕಾಲರ್‌ಶಿಪ್ ಬಂದಾಗಿಂದ."

"ಅದ್ಯಾವ ಬ್ಯಾನಿನೋ ಏನೋ," ಎಂದು ಅಜ್ಜಿ ಲೊಚಗುಟ್ಟಿದಳು.

ನಾನು ನಗು ತಡೆಯಲು ಕುರಿಗಳ ಕಡೆ ನೋಡುತ್ತಾ ನಿಂತೆ. ಅಷ್ಟರಲ್ಲಿ ಅಜ್ಜಿ ಇನ್ನೊಂದು ಹಾಡು ತೆಗೆದಳು. ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋದಾಗ ದಾರಿಯಲ್ಲಿ ತೀರಿಹೋದ ತನ್ನ ಹಸುಗೂಸಿನ ಮೇಲೆ ಅವಳೇ ಕಟ್ಟಿಕೊಂಡ ಹಾಡು. ಇದನ್ನು ಗಂಡನ ಮುಂದೆಯೂ ಹಾಡಿಲ್ಲ, ಮಾತು ಬರದ ಕೂಸಿನ ಮುಂದೆ ಹಾಡಿದರೆ ಊರು ದಾಟುವುದಿಲ್ಲ ಎಂದಳು. ಹಾಡಿ ಮುಗಿಸಿ ತಂಗಿಯ ಗಂಟಲು ಮುಟ್ಟಿದಳು. "ಈ ಕೂಸಿಗಿ ಮಾತು ಬಂದ್ರ, ನಾ ನೂತ ಉಣ್ಣಿ ಕಂಬಳಿ ನಮ್ಮ ದ್ಯಾವರಿಗಿ ಹೊದಿಸ್ತೀನಿ," ಎಂದು ಹರಕೆ ಹೊತ್ತಳು.

ಸಕ್ಕರೆ ಆಗಲೇ ಕರಗಿತ್ತು. ತಂಗಿಗೆ ಮಾತು ಮಾತ್ರ ಹೊರಡಲಿಲ್ಲ.

ಅವತ್ತು ಬೈಕಿನಲ್ಲಿ ಹಿಂದೆ ಸದ್ದೇ ಇರಲಿಲ್ಲ. ಎಲ್ಲಿ ಬಿದ್ದುಹೋದಳೋ ಎಂದು ಎರಡು ಸಲ ತಿರುಗಿ ನೋಡಿದೆ. ಮನೆ ಮುಟ್ಟಿದ ಮೇಲೆ ಅಂದಳು: "ಕದ್ದಂಗಾತು ಅಣ್ಣ. ನನಗ ಮಾತು ಬರ್ತೈತಿ ಅಂತ ಆಕಿಗಿ ಹೇಳದ ಆ ಹಾಡು ಬರಿಯಂಗಿಲ್ಲ ನಾನು." ಅವಳ ಸಂಗ್ರಹದಲ್ಲೇ ಅಂಥ ಹಾಡು ಇನ್ನೊಂದಿಲ್ಲ ಎಂದು ಗೈಡ್ ಮೇಡಂ ಹೇಳಿದರೂ ಕೇಳಲಿಲ್ಲ. ಅಜ್ಜಿ ಬಯ್ಯಲಿ, ಬೇಡವೆನ್ನಲಿ, ಹೇಳಲೇಬೇಕು ಎಂದಳು. ಆ ತಾಲೀಮು ಅದಕ್ಕೇ.

ಮಂಗಳವಾರ ಬೆಳಿಗ್ಗೆ ತಲೆನೋವು ಎಂದಳು. ಮಧ್ಯಾಹ್ನದ ಹೊತ್ತಿಗೆ ಅವಳೇ ಇರಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು ಡಾಕ್ಟರು.

ದಿನಕರ್ಮ ಮುಗಿದ ಮೇಲೆ ಅವಳ ರೆಕಾರ್ಡರ್ ತೆಗೆದುಕೊಂಡು ನಾನೊಬ್ಬನೇ ಉಜ್ಜಿನಿ ಕಡೆಗೆ ಹೋದೆ. ಅಜ್ಜಿ, ಮೂಗಿ ತಂಗಿ ಎಲ್ಲಿ ಎಂದು ಕೇಳಿದಳು. ತಾಲೀಮಿನಲ್ಲಿ ಅಜ್ಜಿಯಾಗಿದ್ದವನು ಈಗ ತಂಗಿಯಾಗಬೇಕಾಯಿತು. ಅವಳು ಹೇಳಬೇಕೆಂದಿದ್ದ ಮಾತುಗಳನ್ನು ಒಂದೂ ಬಿಡದೆ ಹೇಳಿದೆ. ಆಮೇಲೆ ಅವಳು ಇಲ್ಲ ಎಂಬುದನ್ನೂ ಹೇಳಿದೆ. ಅದಕ್ಕೆ ತಾಲೀಮು ಆಗಿರಲಿಲ್ಲ.

ಅಜ್ಜಿ ಬಯ್ಯಲಿಲ್ಲ. ನೂಲುತ್ತಿದ್ದ ಕದಿರು ಕೆಳಗಿಟ್ಟಳು. "ಹಾಡು ಬರಕೊಳ್ರಿ," ಅಂದಳು. "ಮಾತು ಇತ್ತಲ್ಲ, ದ್ಯಾವರ ಕಂಬಳಿ ಕೊಡಾದ ಐತಿ ನನ್ನದು." ಆಮೇಲೆ ನನ್ನ ಕೈಯಲ್ಲಿದ್ದ ರೆಕಾರ್ಡರ್ ತೋರಿಸಿ, "ದನಿ ಹೆಂಗಿತ್ತೋ ಯಪ್ಪಾ ಆಕಿದು? ಒಂದೀಟು ಕೇಳಸು," ಅಂದಳು.

ಹಚ್ಚಿದೆ. ಅಜ್ಜಿಯದೇ ಹಾಡು, ಕುರಿಗಳು, ದೂರದಲ್ಲಿ ಬಸ್ಸಿನ ಹಾರನ್ನು. ಹಾಡು ಒಂದು ಕಡೆ ಉಸಿರು ತೆಗೆದುಕೊಳ್ಳಲು ನಿಂತಾಗ ಸಣ್ಣಗೆ ಟಕ್ ಎಂದಿತು. ಸಕ್ಕರೆಯ ಹರಳು ಹಲ್ಲಿಗೆ ತಾಗಿದ ಸದ್ದು.

"ಇದ ಆಕಿ," ಅಂದೆ.

ಅಜ್ಜಿ ಕಿವಿ ಹತ್ತಿರ ತಂದು, ಅಷ್ಟನ್ನೇ ಇನ್ನೊಮ್ಮೆ ಹಚ್ಚಲು ಹೇಳಿದಳು.

ಅವಳ ದನಿ ಫೋನಿನಲ್ಲಾದರೂ ಇರಬೇಕಲ್ಲ ಎನ್ನುತ್ತೀರಿ. ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವುದು ಅವಳಿಗೆ ಆಗುತ್ತಿರಲಿಲ್ಲ, ನೇರ ಅಂಗಡಿಗೇ ಬರುತ್ತಿದ್ದಳು. ಚಿಕ್ಕಪ್ಪನ ಮಗಳ ಮದುವೆಯ ವಿಡಿಯೋದಲ್ಲಿ ಅವಳ ಬಾಯಿ ಆಡುತ್ತಲೇ ಇದೆ. ವಿಡಿಯೋದವನು ಅದರ ಮೇಲೆ ಸಿನಿಮಾ ಹಾಡು ಹಾಕಿದ್ದಾನೆ.

ಹಾಡುಗಳನ್ನು ಗೈಡ್ ಮೇಡಂ ಅವಳ ಹೆಸರಿನಲ್ಲೇ ಪುಸ್ತಕ ಮಾಡಿಸುತ್ತಿದ್ದಾರೆ. ಕಂಬಳಿ ದೇವರ ಮೈಮೇಲಿದೆ. ರೆಕಾರ್ಡರು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿದೆ. ಅದರಲ್ಲಿ ಅಜ್ಜಿಯ ದನಿ ಇದೆ, ಕುರಿಗಳದಿದೆ, ಸ್ಕಾಲರ್‌ಶಿಪ್ ಬಂದಾಗಿಂದ ಎನ್ನುವ ನನ್ನ ದನಿಯೂ ಇದೆ. ಅವಳದು ಇಲ್ಲ.