ಫೋನಿಗೆ ಬಂದ ಜ್ವರ

ಇಡೀ ಓಣಿಗೆ ಒಂದೇ ಫೋನ್ ಇದ್ದ ಕಾಲ. ಟ್ರಿಣ್ ಎಂದರೆ ಸಾಕು, ಓಣಿಗೆ ಓಣಿಯೇ ಕಿವಿಯಾಗುತ್ತಿತ್ತು. ಈಗ ನೆನೆದರೆ ಹೊಟ್ಟೆಕಿಚ್ಚಾಗುತ್ತದೆ, ಎಂಥ ಕಾಲವಪ್ಪಾ ಅದು! ಆ ಫೋನ್ ಇದ್ದದ್ದು ಫೋನ್ ಕಾರ್ಖಾನೆಯ ಎಂಜಿನಿಯರ್ ಚಿಪ್ಪಣ್ಣನ ಮನೆಯಲ್ಲಿ. ಅವನಿಗೆ ಆ ಹೆಸರಿಟ್ಟವರೂ ಓಣಿಯವರೇ. ಹಾಸಿಗೆಯಗಲದ ಹಾಳೆಯ ಮೇಲೆ ಎರಡು ವರ್ಷ ಪೆನ್ಸಿಲ್ ಸವೆಸಿ ಅವನು ಬರೆದ ನಕ್ಷೆ ಕೊನೆಗೆ ಉಗುರಿನಷ್ಟು ಚಿಪ್ ಆಗಿತ್ತು. ಫೋನಿನ ಹೊಟ್ಟೆಯಲ್ಲಿ ಕೂತು, ಕಂಬದ ತಂತಿಗೂ ಮನುಷ್ಯರ ಮಾತಿಗೂ ನಡುವೆ ದಲ್ಲಾಳಿತನ ಮಾಡುವುದು ಅದರ ಉದ್ಯೋಗ. ಹಿಂದಿನ ಎರಡು ಚಿಪ್ಪುಗಳು ಹತ್ತು ನಿಮಿಷದ ಮಾತಿಗೇ ಕಾದು ಸುಟ್ಟುಹೋಗಿದ್ದವು. ಮೂರನೆಯದನ್ನು ಮನೆಯ ಫೋನಿಗೇ ಕೂರಿಸಿದ್ದ.

"ನಾಳೆ ಹತ್ತಕ್ಕೆ ನಾನೇ ಫೋನ್ ಮಾಡ್ತೀನಿ, ಅರ್ಧ ಗಂಟೆ ಮಾತಾಡೋಣ. ಇದೂ ಸುಟ್ರೆ ಚಿಪ್ ಕೆಲಸ ಬಂದ್, ನೀವು ಸ್ವಿಚ್ ವಿಭಾಗಕ್ಕೆ," ಎಂದಿದ್ದರು ಮುಖ್ಯ ಎಂಜಿನಿಯರ್.

ಮರುದಿನ ಹತ್ತಕ್ಕೆ ಐದು ನಿಮಿಷವಿರುವಾಗಲೇ ಫೋನ್ ಬಡಿದುಕೊಂಡಿತು. ಚಿಪ್ಪಣ್ಣ ಹಾರಿ ಎತ್ತಿದ.

"ನಮ್ಮಕ್ಕನ್ನ ಸ್ವಲ್ಪ ಕರೀತೀರಾ?"

ಎದುರುಮನೆ ದೊಡ್ಡಮ್ಮನ ತಂಗಿ! ಅಕ್ಕತಂಗಿಯರು ಮಾತು ಬಿಟ್ಟು ಆರು ವರ್ಷವಾಗಿತ್ತು. ಇಲ್ಲವೆನ್ನಲಾಗದೆ ಅವನು ಓಡಿಹೋಗಿ ದೊಡ್ಡಮ್ಮನನ್ನು ಕರೆತಂದ.

ದೊಡ್ಡಮ್ಮ ಕುರ್ಚಿ ಎಳೆದು ಕೂತರು. ಮೊದಲು ಅತ್ತರು, ಆಮೇಲೆ ಬೈದರು, ಆಮೇಲೆ ನಕ್ಕರು. ಹತ್ತು ನಿಮಿಷವಾಯಿತು. ಮುಚ್ಚಳ ತೆಗೆದಿದ್ದ ಫೋನಿನೊಳಗೆ ಚಿಪ್ಪಣ್ಣ ಬೆರಳಿಟ್ಟ, ಚುರ್ ಎಂದಿತು.

"ದೊಡ್ಡಮ್ಮಾ, ಮಿಕ್ಕಿದ್ದು ನಾಳೆ..." ಎಂದು ರಾಗ ಎಳೆದ.

"ತಡಿಯಪ್ಪ, ಈಗಿನ್ನೂ ಜಗಳದ ಬುಡಕ್ಕೆ ಬಂದಿದೀವಿ!"

ಆ ಮುಖದಲ್ಲಿ ಅಷ್ಟು ಖುಷಿ ಅವನು ಎಂದೂ ಕಂಡಿರಲಿಲ್ಲ. ತಂತಿ ಕೀಳಲು ಮನಸ್ಸಾಗದೆ, ಪತ್ರಿಕೆ ಮಡಿಸಿ ಚಿಪ್ಪಿಗೆ ಗಾಳಿ ಬೀಸತೊಡಗಿದ.

ಪಕ್ಕದ ಮನೆಯ ಟೈಲರ್ ಕಿಟಕಿಯಲ್ಲಿ ಇಣುಕಿದ. "ಏನ್ ಚಿಪ್ಪಣ್ಣ, ಫೋನಿಗೆ ಜ್ವರಾನಾ?"

"ಸುಮ್ನಿರಯ್ಯ, ಇಲ್ಲಿ ನನ್ನ ಹೊಟ್ಟೆಪಾಡು ಬೇಯ್ತಿದೆ!"

ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಬಲಗೈ. ಮಧ್ಯಾಹ್ನ ಒಂದು ಗಂಟೆಗೆ ಮುಖ್ಯ ಎಂಜಿನಿಯರ್ ಕೆಂಡವಾಗಿ ಮನೆಗೇ ಬಂದರು. ಚಿಪ್ಪಣ್ಣ ಪತ್ರಿಕೆಯನ್ನು ಬೆನ್ನ ಹಿಂದೆ ಅಡಗಿಸಿದ.

"ಮೂರು ಗಂಟೆಯಿಂದ ಎಂಗೇಜ್! ಏನ್ರೀ ಇದು?" ಎಂದವರು, ಮಾತಾಡುತ್ತಲೇ ಇದ್ದ ದೊಡ್ಡಮ್ಮನನ್ನು ಕಂಡು ದನಿ ಇಳಿಸಿದರು. "ಇದೇ ಚಿಪ್ಪಾ? ಮೂರು ಗಂಟೆಯಾದ್ರೂ ಸುಟ್ಟಿಲ್ವಾ? ಭಲೆ!"

ಚಿಪ್ಪಿನ ಮಂಜೂರಾತಿಗೆ ಸಹಿ ಹಾಕಲು ಪೆನ್ನು ತೆಗೆದರು. ಚಿಪ್ಪಣ್ಣನ ಕಣ್ಣು ತುಂಬಿ ಬಂತು.

ದೊಡ್ಡಮ್ಮ ರಿಸೀವರ್ ಇಟ್ಟು ಕಣ್ಣೊರೆಸಿಕೊಂಡರು. "ಸ್ವಾಮಿ, ಇಂಥ ಹುಡುಗ ಹುಡುಕಿದ್ರೂ ಸಿಗಲ್ಲ. ನನಗೆ ಸೆಕೆಯಾಗುತ್ತೆ ಅಂತ ಮೂರು ಗಂಟೆ ಬಿಡದೆ ಗಾಳಿ ಬೀಸಿದಾನೆ. ಹೆತ್ತ ಮಗನೂ ಮಾಡಲ್ಲ!"

ಪೆನ್ನು ನಿಂತಿತು. ಸಾಹೇಬರು ಬಾಯ್ತೆರೆದ ಫೋನನ್ನು ನೋಡಿದರು, ಚಿಪ್ಪಣ್ಣನ ಬೆನ್ನ ಹಿಂದೆ ಬಗ್ಗಿ ನೋಡಿದರು, ಪೆನ್ನನ್ನು ಜೇಬಿಗಿಟ್ಟರು.

"ನಾಳೆ ಮತ್ತೆ ಪರೀಕ್ಷೆ. ಮೂರು ಗಂಟೆ. ಗಾಳಿ ಇಲ್ಲದೆ."

"ಅಷ್ಟು ಹೊತ್ತು ಯಾರು ಮಾತಾಡ್ತಾರೆ ಸಾರ್?" ಚಿಪ್ಪಣ್ಣ ಪತ್ರಿಕೆಯನ್ನು ಮೇಜಿನ ಮೇಲಿಟ್ಟ.

"ಅಯ್ಯೋ, ನಾನಿಲ್ವೇನಪ್ಪ!" ದೊಡ್ಡಮ್ಮ ಅವನ ಬೆನ್ನು ಸವರಿದರು. "ಇವತ್ತು ಒಂದು ವರ್ಷದ್ದು ಮುಗೀತು ಅಷ್ಟೆ. ಇನ್ನೂ ಐದು ವರ್ಷದ್ದು ಹಾಗೇ ಇದೆ."